ರಾತ್ರಿ ಹನ್ನೊಂದಕ್ಕೆ ಕೆಟ್ಟರೆ ಸರಿ ಮಾಡುವವರು ಯಾರು? ಸಣ್ಣ ಸ್ಟಾರ್ಟ್‌ಅಪ್‌ಗೆ ವೆಬ್ ಟೂಲ್, ಹೋಸ್ಟಿಂಗ್ ಆರಿಸುವ ಕ್ರಮ

ಸಿರ್ಸಿಯಲ್ಲಿ ನಾವು ಮೂರು ಜನ ಸೇರಿ ಒಂದು ಸಣ್ಣ ಕಂಪನಿ ನಡೆಸುತ್ತೇವೆ. ಸುತ್ತಲಿನ ಊರುಗಳ ಮನೆಗಳಲ್ಲಿ ಮಾಡುವ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಚಕ್ಕುಲಿ ಇವನ್ನೆಲ್ಲ ಬೆಂಗಳೂರು, ಪುಣೆ, ಹೈದರಾಬಾದಿನ ಮನೆಗಳಿಗೆ ಕಳಿಸುತ್ತೇವೆ. ಲೆಕ್ಕಪತ್ರ ನನ್ನ ಗೆಳೆಯನದು. ಪ್ಯಾಕಿಂಗ್ ಅತ್ತಿಗೆಯದು. ವೆಬ್‌ಸೈಟ್ ಮತ್ತು ಅದರ ಹಿಂದಿನ ಕೆಲಸವೆಲ್ಲ ನನ್ನ ಪಾಲಿಗೆ.

ಎರಡನೇ ವರ್ಷದ ಚೌತಿಗೆ ನಾಲ್ಕು ದಿನ ಬಾಕಿ ಇತ್ತು. ಜೋರು ಮಳೆ, ಕರೆಂಟ್ ಹೋಗಿ ಆರು ತಾಸು ಆಗಿತ್ತು. ರಾತ್ರಿ ಹನ್ನೊಂದಕ್ಕೆ ಅತ್ತಿಗೆ ಫೋನ್ ಮಾಡಿದರು. "ತಮ್ಮಾ, ದುಡ್ಡು ಬಂದಿದೆ ಅಂತ ಮೆಸೇಜ್ ಇದೆ. ಆರ್ಡರ್ ಮಾತ್ರ ಪಟ್ಟಿಯಲ್ಲಿ ಕಾಣ್ತಾ ಇಲ್ಲ. ಚಕ್ಕುಲಿ ಕಟ್ಟಲೋ ಬೇಡವೋ?"

ಆಗ ನಮ್ಮ ಸೈಟ್ ಇದ್ದದ್ದು ತಿಂಗಳಿಗೆ ನೂರು ರೂಪಾಯಿಯ ಒಂದು ಹೋಸ್ಟಿಂಗ್‌ನಲ್ಲಿ, ಅಂದರೆ ಸೈಟ್ ಇಡಲು ಬಾಡಿಗೆಗೆ ಸಿಗುವ ಜಾಗದಲ್ಲಿ. ಒಳಗೆ ಏನಾಗುತ್ತಿದೆ ಅಂತ ನೋಡಲು ಅಲ್ಲಿ ದಾರಿಯೇ ಇರಲಿಲ್ಲ. ಅವರಿಗೆ ದೂರಿನ ಟಿಕೆಟ್ ಹಾಕಿದೆ. ಉತ್ತರ ಬಂದದ್ದು ಮೂರನೇ ದಿನ. ಬೆಳಗಾಗುವಷ್ಟರಲ್ಲಿ ಪೇಮೆಂಟ್ ಗೇಟ್‌ವೇಯ (ಗಿರಾಕಿಯ ದುಡ್ಡನ್ನು ನಮಗೆ ತಲುಪಿಸುವ ಸೇವೆ) ಪಟ್ಟಿಯನ್ನು ನಮ್ಮ ಪಟ್ಟಿಯ ಪಕ್ಕ ಇಟ್ಟು ನೋಡಿದಾಗ, ದುಡ್ಡು ಕೊಟ್ಟೂ ಆರ್ಡರ್ ದಾಖಲಾಗದವರು ಹನ್ನೊಂದು ಜನ ಇದ್ದರು. ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಮೊದಲು ಸಿಕ್ಕ ಅಮ್ಮ ಹೇಳಿದ್ದು ಇಷ್ಟೇ: "ಹಬ್ಬಕ್ಕೆ ಮೊದಲೇ ತಲುಪಿಸಿ ಅಂತ ಬರೆದು ಕೈಮುಗಿಯುವ ಚಿತ್ರ ಹಾಕಿದ್ದೆ ಕಣಪ್ಪ." ಉಳಿದವರಲ್ಲೂ ಎಲ್ಲರೂ ಏನಾದರೂ ಇಮೋಜಿ ಹಾಕಿದ್ದರು.

ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಗುರುತು ಕಂಪ್ಯೂಟರ್ ಅಕ್ಷರ ಉಳಿಸಿಡುವ ಯುಟಿಎಫ್-8 ಕ್ರಮದಲ್ಲಿ 3 ಬೈಟ್ ಜಾಗ ಹಿಡಿಯುತ್ತದೆ. ಇಮೋಜಿಗೆ ಸಾಮಾನ್ಯವಾಗಿ 4 ಬೈಟ್ ಬೇಕು. ನಮ್ಮ ಮಾಹಿತಿ ಇದ್ದ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ 'ಯುಟಿಎಫ್8' ಅಂತ ಹೆಸರಿದ್ದ ಹಳೆಯ ವ್ಯವಸ್ಥೆ 3 ಬೈಟ್‌ವರೆಗೆ ಮಾತ್ರ ತಗೊಳ್ಳುತ್ತಿತ್ತು. ಪೂರ್ತಿಯಾದದ್ದು 'ಯುಟಿಎಫ್8ಎಂಬಿ4'. ಆರ್ಡರ್ ಬರೆದಿಡುವ ನಮ್ಮ ಟೇಬಲ್ ಹಳೆಯದರಲ್ಲಿತ್ತು. ಅದಕ್ಕೇ ಕನ್ನಡ ಎಷ್ಟು ಬರೆದರೂ ಸರಿ ಇತ್ತು, ಒಂದು ಇಮೋಜಿ ಬಂದ ಕೂಡಲೇ ಆ ಆರ್ಡರ್ ಪೂರ್ತಿ ತಿರಸ್ಕಾರ ಆಗುತ್ತಿತ್ತು.

ಆ ರಾತ್ರಿಯಿಂದ ಯಾವ ಟೂಲ್ ಬಂದರೂ ನಾನು ಮೊದಲು ಕೇಳುವುದು ಒಂದೇ. ಇದು ಕೆಟ್ಟರೆ, ಸಿರ್ಸಿಯಲ್ಲಿ ಕೂತು, ಇವತ್ತು ರಾತ್ರಿಯೇ ನಾನು ಇದನ್ನು ಸರಿ ಮಾಡಬಲ್ಲೆನಾ? ಮುಂದೆ ಬರೆದದ್ದೆಲ್ಲ ಈ ಪ್ರಶ್ನೆಗೆ ನಾವು ಕಂಡುಕೊಂಡ ಉತ್ತರ.

ಕಟ್ಟುವ ಮೊದಲು ಒಂದು ಪುಟ ಬರೆಯಿರಿ

ನಮ್ಮ ಮೊದಲ ಅರವತ್ತು ಆರ್ಡರ್ ಬಂದದ್ದು ವಾಟ್ಸಾಪ್‌ನಲ್ಲಿ. ಲೆಕ್ಕ ಇದ್ದದ್ದು ಒಂದು ಶೀಟ್‌ನಲ್ಲಿ. ನೀವು ಈಗಷ್ಟೇ ಶುರು ಮಾಡುತ್ತಿದ್ದರೆ ಎರಡು ತಿಂಗಳು ಹಾಗೇ ನಡೆಸಿ. ಕೋಡ್ ಬರೆಯಬೇಡಿ. ಜನ ಏನು ಕೇಳುತ್ತಾರೆ, ಯಾವ ಹೊತ್ತಿನಲ್ಲಿ ಕೇಳುತ್ತಾರೆ, ಎಲ್ಲಿ ತಪ್ಪಾಗುತ್ತದೆ ಅನ್ನುವುದು ಕೈಯಲ್ಲಿ ಮಾಡಿದಾಗಲೇ ಗೊತ್ತಾಗುವುದು.

ಆಮೇಲೆ ಒಂದು ಹಾಳೆಯಲ್ಲಿ ನಿಮ್ಮ ಅಂಕಿಗಳನ್ನು ಬರೆಯಿರಿ. ನಮ್ಮ ಹಾಳೆಯಲ್ಲಿ ಇದ್ದದ್ದು: ದಿನಕ್ಕೆ 30 ಆರ್ಡರ್, ಹಬ್ಬದಲ್ಲಿ 200. ಸುಮಾರು 150 ಫೋಟೊ. ಕೊಳ್ಳುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಫೋನಿನಲ್ಲಿ ಬರುತ್ತಾರೆ. ಮಾಡಿಕೊಡುವ ಮನೆಯವರು ಕನ್ನಡದಲ್ಲೇ ಓದುತ್ತಾರೆ. ತಿಂಗಳ ಖರ್ಚು 2,000 ರೂಪಾಯಿ ದಾಟಬಾರದು. ನೋಡಿಕೊಳ್ಳುವವನು ಒಬ್ಬ.

ಈ ಅಂಕಿಗಳನ್ನು ಹಿಡಿದು ಲೆಕ್ಕ ಹಾಕಿ ನೋಡಿ. ಹಬ್ಬದ ದಿನ 200 ಆರ್ಡರ್, ಒಂದೊಂದು ಆರ್ಡರ್ ಹಿಂದೆ ಐವತ್ತು ಪುಟ ತೆರೆದರು ಅಂದುಕೊಳ್ಳೋಣ. ಒಟ್ಟು 10,000 ಪುಟ. ಎಲ್ಲರೂ ಐದೇ ತಾಸಿನಲ್ಲಿ ಬಂದರೂ ಸುಮಾರು ಎರಡು ಸೆಕೆಂಡಿಗೆ ಒಂದು ಪುಟ. ಅತಿ ಸಣ್ಣ ಸರ್ವರ್ ಒಂದಕ್ಕೆ ಇದು ಏನೂ ಅಲ್ಲ. ಕೋಟಿ ಜನ ಬಂದರೆ ಏನು ಮಾಡೋದು ಅಂತ ಈಗಲೇ ಹತ್ತು ಸರ್ವರ್‌ಗಳ ನಕ್ಷೆ ಬರೆಯುವವರನ್ನು ನೋಡಿದ್ದೇನೆ. ಹಲವು ಸರ್ವರ್‌ಗಳನ್ನು ಸಂಭಾಳಿಸುವ ಕುಬರ್ನೆಟಿಸ್, ಒಂದು ಸೈಟನ್ನು ಹಲವು ಸಣ್ಣ ಪ್ರೋಗ್ರಾಂಗಳಾಗಿ ಒಡೆಯುವ ಮೈಕ್ರೋಸರ್ವಿಸ್ ಇವೆಲ್ಲ ದೊಡ್ಡ ತಂಡಗಳ ತೊಂದರೆಗೆ ಹುಟ್ಟಿದ ಉತ್ತರಗಳು. ಮೂರು ಜನರ ಕಂಪನಿಗೆ ಆ ತೊಂದರೆ ಇನ್ನೂ ಬಂದೇ ಇಲ್ಲ, ಅಲ್ವಾ?

ಇನ್ನೊಂದು ಮಾತು. ನಿಮ್ಮದು ಬರೀ ಸಾಮಾನು ಮಾರುವ ಅಂಗಡಿ ಆದರೆ ಸ್ವಂತ ಕೋಡ್ ಬೇಡವೇ ಬೇಡ. ಶಾಪಿಫೈ ಇದೆ, ವರ್ಡ್‌ಪ್ರೆಸ್ ಮೇಲೆ ವೂಕಾಮರ್ಸ್ ಇದೆ. ವಾರದಲ್ಲಿ ಅಂಗಡಿ ತೆರೆಯಬಹುದು. ನಾವು ಸ್ವಂತ ಬರೆದದ್ದು ಒಂದೇ ಕಾರಣಕ್ಕೆ: ಒಂದು ಡಬ್ಬಿಯಲ್ಲಿ ನಾಲ್ಕು ಮನೆಯ ಸಾಮಾನು ಹೋಗುತ್ತದೆ, ದುಡ್ಡು ನಾಲ್ಕು ಮನೆಗೆ ಹಂಚಬೇಕು, ಯಾವ ಮನೆಯ ಯಾವ ದಿನದ ಉಪ್ಪಿನಕಾಯಿ ಯಾರಿಗೆ ಹೋಯಿತು ಅಂತ ಗೊತ್ತಿರಬೇಕು. ನಿಮ್ಮ ಕೆಲಸದಲ್ಲಿ ಬೇರೆ ಯಾರೂ ಮಾಡದಂಥದ್ದು ಯಾವುದೋ ಅಷ್ಟನ್ನು ಮಾತ್ರ ಬರೆಯಿರಿ. ಉಳಿದದ್ದು ಸಿದ್ಧ ಇರುವುದನ್ನೇ ತನ್ನಿ.

ಟೂಲ್: ಗೊತ್ತಿರುವುದು, ವಯಸ್ಸಾಗಿರುವುದು

ಯಾವ ಭಾಷೆ ಒಳ್ಳೆಯದು ಅಂತ ನನ್ನನ್ನು ಕೇಳುವ ಹುಡುಗರಿಗೆ ನಾನು ತಿರುಗಿ ಕೇಳುತ್ತೇನೆ, ನಿನಗೆ ಯಾವುದು ಬರುತ್ತದೆ? ಪಿಎಚ್‌ಪಿ ಬರುತ್ತದೆ ಅಂದರೆ ಅದರಲ್ಲಿ ಸೈಟ್ ಕಟ್ಟಲು ಸಿದ್ಧ ಚೌಕಟ್ಟು ಕೊಡುವ ಲಾರಾವೆಲ್ ತಗೋ. ಜಾವಾಸ್ಕ್ರಿಪ್ಟ್ ಬಂದರೆ ಅದನ್ನು ಸರ್ವರ್‌ನಲ್ಲಿ ಓಡಿಸುವ ನೋಡ್ ತಗೋ. ನನಗೆ ಪೈಥಾನ್ ಬರುತ್ತಿತ್ತು, ನಾನು ಅದರ ಚೌಕಟ್ಟು ಜಾಂಗೋ ತಗೊಂಡೆ. ಕಂಪನಿ ಕಟ್ಟುವುದನ್ನೂ ಹೊಸ ಭಾಷೆಯನ್ನೂ ಒಟ್ಟೊಟ್ಟಿಗೆ ಕಲಿಯಲು ಹೋದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ.

ಗೊತ್ತಿರುವುದರಲ್ಲೂ ಹತ್ತು ವರ್ಷ ಬಾಳಿದ್ದನ್ನು ಆರಿಸಿ. ಪಿಎಚ್‌ಪಿ 1995ರಿಂದ ಇದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಬೇರು 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದೆ. ಜಾಂಗೋ ಹುಟ್ಟಿದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಅನ್ನುವ ಊರಿನ ಪತ್ರಿಕಾ ಕಚೇರಿಯಲ್ಲಿ. ಸುದ್ದಿಯವರಿಗೆ ಬೇಕಾದ ಪುಟವನ್ನು ಬೇಗ ಬೇಗ ಕಟ್ಟಿಕೊಡಬೇಕಿತ್ತು, ಅದಕ್ಕೇ ಮಾಡಿಕೊಂಡರು. 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಇಷ್ಟು ವರ್ಷ ಬಳಕೆಯಲ್ಲಿರುವ ಟೂಲ್‌ನಲ್ಲಿ ನಿಮಗೆ ಬರುವ ತಪ್ಪು ನಿಮಗಿಂತ ಮೊದಲು ಸಾವಿರ ಜನರಿಗೆ ಬಂದಿರುತ್ತದೆ. ಉತ್ತರ ಬರೆದಿಟ್ಟಿರುತ್ತಾರೆ. ರಾತ್ರಿ ಹನ್ನೊಂದಕ್ಕೆ ಬೇಕಾಗುವುದು ಅದೇ.

ಜಾಂಗೋದಿಂದ ನಮಗಾದ ದೊಡ್ಡ ಲಾಭ ಅದರ ಅಡ್ಮಿನ್ ಪುಟ. ಟೇಬಲ್ ಹೀಗಿರಲಿ ಅಂತ ಬರೆದು ನಾಲ್ಕು ಸಾಲು ಸೇರಿಸಿದರೆ ನೋಡುವ, ತಿದ್ದುವ, ಹುಡುಕುವ ಪುಟ ತಾನೇ ಸಿಗುತ್ತದೆ. ಮೊದಲ ಒಂದು ವರ್ಷ ಅತ್ತಿಗೆ ಕೆಲಸ ಮಾಡಿದ್ದು ಆ ಪುಟದಲ್ಲೇ. ಅವರಿಗಾಗಿ ನಾನು ಬೇರೆ ಪುಟ ಬರೆಯಲೇ ಇಲ್ಲ.

ಎದುರಿಗೆ ಕಾಣುವ ಪುಟಕ್ಕೆ ರಿಯಾಕ್ಟ್ ಬೇಕಾ? 2013ರಲ್ಲಿ ಫೇಸ್‌ಬುಕ್ ಹೊರಗೆ ಬಿಟ್ಟ ಟೂಲ್ ಅದು. ತೆರೆಯ ಮೇಲೆ ಎಲ್ಲ ಕ್ಷಣಕ್ಷಣಕ್ಕೂ ಬದಲಾಗುವ ಕಡೆ ಬಹಳ ಒಳ್ಳೆಯದು. ನಮ್ಮ ಪುಟದಲ್ಲಿ ಹಾಗೆ ಬದಲಾಗುವುದು ಗಿರಾಕಿಯ ಖರೀದಿ ಚೀಲದೊಳಗಿನ (ಕಾರ್ಟ್) ಎಣಿಕೆ ಮಾತ್ರ. ಆದರೂ ಆಸೆಯಿಂದ ರಿಯಾಕ್ಟ್‌ನಲ್ಲೇ ಒಂದು ಸಲ ಬರೆದೆ. ಅದನ್ನು ಸಿದ್ದಾಪುರದ ಹತ್ತಿರ ಅತ್ತಿಗೆಯ ತವರಿಗೆ ತಗೊಂಡು ಹೋಗಿ ನೋಡಿದೆವು. ಅಲ್ಲಿ ಮನೆಯೊಳಗೆ ಸಿಗ್ನಲ್ ಇಲ್ಲ. ಅಂಗಳದ ತುದಿಯಲ್ಲಿ, ಕೊಟ್ಟಿಗೆಯ ಮೆಟ್ಟಿಲ ಮೇಲೆ ನಿಂತರೆ ಎರಡು ಕಡ್ಡಿ ಬರುತ್ತದೆ. ಅತ್ತಿಗೆಯ ಅಮ್ಮ ಅಲ್ಲೇ ಕೊಡೆ ಹಿಡಿದು ನಿಂತು "ಇವತ್ತು ಎಷ್ಟು ಕಟ್ಟು ಹಪ್ಪಳ ಬೇಕು" ಅನ್ನುವ ಪುಟ ತೆರೆದರು. ರಿಯಾಕ್ಟ್ ಪುಟ ಕಾಣಿಸಲು 19 ಸೆಕೆಂಡ್ ಹಿಡಿಯಿತು. ಸರ್ವರ್‌ನಿಂದಲೇ ಸಿದ್ಧವಾಗಿ ಬರುವ, 90 ಕೆಬಿಯ ಸಾದಾ ಪುಟ 3 ಸೆಕೆಂಡಿನಲ್ಲಿ ಬಂತು. ಅವರು ಕೊಡೆ ಮಡಚಿ ಒಳಗೆ ಹೋದರು. ನಾವು ಸಾದಾ ಪುಟವನ್ನೇ ಉಳಿಸಿಕೊಂಡೆವು.

ನಿಮ್ಮ ಆಫೀಸಿನ ವೈಫೈ ನಂಬಬೇಡಿ. ನಿಮ್ಮ ಪುಟ ಬಳಸುವವರಲ್ಲಿ ಎಲ್ಲರಿಗಿಂತ ಕೆಟ್ಟ ಸಿಗ್ನಲ್, ಹಳೆಯ ಫೋನ್ ಯಾರದ್ದೋ ಅವರ ಮನೆಗೆ ಹೋಗಿ ಪರೀಕ್ಷೆ ಮಾಡಿ.

ಡೇಟಾಬೇಸ್ ವಿಷಯದಲ್ಲಿ ನಾನು ಜಾಸ್ತಿ ಯೋಚಿಸುವುದಿಲ್ಲ. ಪೋಸ್ಟ್‌ಗ್ರೆಸ್. ಆರ್ಡರ್ ಇರಲಿ, ಸ್ಟಾಕ್ ಇರಲಿ, ಹುಡುಕಾಟ ಇರಲಿ, ಅದೊಂದರಲ್ಲೇ ಆಗುತ್ತದೆ. ಹುಡುಕುವುದಕ್ಕೆ ಬೇರೆ ಸರ್ವರ್ ಬೇಕು ಅಂತ ಯಾರಾದರೂ ಹೇಳಿದರೆ 'ಅಲರ್' ತೋರಿಸಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು ಅದು, 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಒಂದೂವರೆ ಲಕ್ಷದಷ್ಟು ಪದಗಳಿವೆ. ಅದನ್ನು ನಡೆಸಲು ಕಟ್ಟಿದ ಡಿಕ್ಟ್‌ಪ್ರೆಸ್ ಅನ್ನುವ ಮುಕ್ತ ತಂತ್ರಾಂಶ ವರ್ಷಗಟ್ಟಲೆ ಹುಡುಕಿದ್ದು ಪೋಸ್ಟ್‌ಗ್ರೆಸ್‌ನಲ್ಲೇ. ಅಷ್ಟು ದೊಡ್ಡ ನಿಘಂಟಿಗೆ ಸಾಕಾಗಿತ್ತು ಅಂದಮೇಲೆ ನಮ್ಮ 150 ಸಾಮಾನಿನ ಪಟ್ಟಿಗೆ ಸಾಲದೇ ಇರುತ್ತದೆಯೇ?

ಈಗ ಎಐ ಟೂಲ್‌ಗಳು ಕೋಡ್ ಬರೆದುಕೊಡುತ್ತವೆ. ನಾನೂ ಬಳಸುತ್ತೇನೆ. ನನ್ನ ನಿಯಮ ಒಂದೇ: ನಾನು ಓದಿ, ಗೆಳೆಯನಿಗೆ ಬಾಯಲ್ಲಿ ವಿವರಿಸಲು ಆಗದ ಒಂದು ಸಾಲೂ ಸರ್ವರ್‌ಗೆ ಹೋಗಬಾರದು.

ಕನ್ನಡ ಬರುತ್ತದಾ ಅಂತ ಮೊದಲ ದಿನವೇ ನೋಡಿ

ಇದನ್ನು ಬೇರೆ ಭಾಷೆಯ ಮಾರ್ಗದರ್ಶಿಗಳು ಹೇಳುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಯಾವುದೇ ಟೂಲ್ ತಗೊಳ್ಳುವ ಮೊದಲು ಅದರೊಳಗೆ ನಾನು ಈ ಸಾಲು ಹಾಕಿ ನೋಡುತ್ತೇನೆ:

ಜ್ಯೋತ್ಸ್ನಾ, ಸೂರ್ಯ, ರಾಷ್ಟ್ರ, ಲಕ್ಷ್ಮಿ, ಡಾ. ರಾಜ್‌ಕುಮಾರ್ ರಸ್ತೆ

ಕೊನೆಗೆ ಒಂದು ಕೈಮುಗಿಯುವ ಇಮೋಜಿ. ಫಾರ್ಮ್‌ನಲ್ಲಿ ಹಾಕಿ, ಉಳಿಸಿ, ಮತ್ತೆ ತೆರೆದು ನೋಡಿ. ಬಿಲ್‌ನಲ್ಲಿ ಮುದ್ರಿಸಿ ನೋಡಿ. ಇಮೇಲ್‌ನಲ್ಲಿ, ಎಸ್‌ಎಂಎಸ್‌ನಲ್ಲಿ ಕಳಿಸಿ ನೋಡಿ.

ಪಿಡಿಎಫ್‌ನಲ್ಲಿ ಜಾಸ್ತಿ ಕೈಕೊಡುತ್ತದೆ. ಎಷ್ಟೋ ಪಿಡಿಎಫ್ ಲೈಬ್ರರಿಗಳಿಗೆ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುವುದು ಮಾತ್ರ ಗೊತ್ತು, ಒತ್ತಕ್ಷರವನ್ನು ಕೆಳಗೆ ಕೂರಿಸುವುದು ಗೊತ್ತಿಲ್ಲ. 'ರಾಷ್ಟ್ರ' ಚೂರು ಚೂರಾಗಿ ಬರುತ್ತದೆ, 'ಸೂರ್ಯ'ದ ಒತ್ತು ಜಾಗ ತಪ್ಪುತ್ತದೆ. ನಮ್ಮ ಮೊದಲ ಬಿಲ್‌ಗಳು ಹಾಗೇ ಬಂದವು. ಆಮೇಲೆ ವೀಸಿಪ್ರಿಂಟ್ ಅನ್ನುವ ಲೈಬ್ರರಿಗೆ ಬಂದೆವು. ಅದು ಅಕ್ಷರ ಜೋಡಿಸಲು ಪ್ಯಾಂಗೋ ಅನ್ನುವ ತಂತ್ರಾಂಶ ಬಳಸುತ್ತದೆ, ಹಾಗಾಗಿ ಒತ್ತಕ್ಷರ ಸರಿಯಾಗಿ ಬರುತ್ತದೆ. ಕ್ರೋಮ್ ಬ್ರೌಸರನ್ನೇ ತೆರೆಯಿಲ್ಲದೆ ಓಡಿಸಿ ಪಿಡಿಎಫ್ ಮಾಡಿಸಿದರೂ ಸರಿ ಬರುತ್ತದೆ, ಆದರೆ ಸಣ್ಣ ಸರ್ವರ್‌ನಲ್ಲಿ ಮೆಮೊರಿ ಬಹಳ ತಿನ್ನುತ್ತದೆ. ಫಾಂಟ್ ಸರ್ವರ್‌ನಲ್ಲೂ ಇರಬೇಕು ಅನ್ನುವುದನ್ನು ಮರೆಯಬೇಡಿ. ನೋಟೋ ಸಾನ್ಸ್ ಕನ್ನಡ ಹಾಕಿಕೊಳ್ಳಿ, ಉಚಿತ.

ಹುಡುಕಾಟದಲ್ಲಿ ಬೇರೆ ತೊಡಕು. 'ರಾಜ್‌ಕುಮಾರ್' ಅಂತ ಬರೆಯುವಾಗ 'ಜ್' ಮತ್ತು 'ಕು' ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಅದಿಲ್ಲದಿದ್ದರೆ 'ರಾಜ್ಕುಮಾರ್' ಆಗುತ್ತದೆ. ಒಬ್ಬರು ಹೀಗೆ ಬರೆಯುತ್ತಾರೆ, ಇನ್ನೊಬ್ಬರು ಹಾಗೆ. ಕಂಪ್ಯೂಟರಿಗೆ ಎರಡೂ ಬೇರೆ ಬೇರೆ ಪದ. 'ಕೊ' ಅಕ್ಷರದ ಗುಣಿತವನ್ನೂ ಒಂದೇ ಗುರುತಾಗಿ ಇಡಬಹುದು, ಎರಡು ಗುರುತು ಸೇರಿಸಿಯೂ ಇಡಬಹುದು. ಕಣ್ಣಿಗೆ ಒಂದೇ ಥರ ಕಾಣುತ್ತದೆ. ಪರಿಹಾರ ಸುಲಭ: ಉಳಿಸುವಾಗ ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ (ಇಂಥ ಎರಡು ಗುರುತು ಸೇರಿ ಒಂದೇ ಆಗುವ ರೂಪ) ತನ್ನಿ, ಹುಡುಕುವುದಕ್ಕೆ ಅಂತ ಬೇರೆ ಕಾಲಂ ಇಟ್ಟು ಅದರಲ್ಲಿ ಆ ಕಾಣದ ಗುರುತನ್ನು ತೆಗೆದುಬಿಡಿ. ಹೆಸರು ಇರುವ ಮೂಲ ಕಾಲಂ ಮುಟ್ಟಬೇಡಿ. ಜನರ ಹೆಸರು ಅವರು ಬರೆದ ಹಾಗೇ ಇರಬೇಕು.

ಎಸ್‌ಎಂಎಸ್ ಖರ್ಚಿನ ಲೆಕ್ಕವನ್ನೂ ಮೊದಲೇ ಮಾಡಿ. ಇಂಗ್ಲಿಷ್‌ನಲ್ಲಿ ಒಂದು ಎಸ್‌ಎಂಎಸ್ ಅಂದರೆ 160 ಅಕ್ಷರ. ಕನ್ನಡದಲ್ಲಿ 70. ಗುಣಿತ, ಒತ್ತು ಎಲ್ಲ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. "ನಿಮ್ಮ ಆರ್ಡರ್ ಇಂದು ಸಿರ್ಸಿಯಿಂದ ಹೊರಟಿದೆ" ಅಂತ ಚಿಕ್ಕದಾಗಿ ಬರೆದರೆ ಒಂದರಲ್ಲಿ ಹಿಡಿಸುತ್ತದೆ, ಟ್ರ್ಯಾಕಿಂಗ್ ಲಿಂಕ್ ಸೇರಿಸಿದರೆ ಎರಡಾಗುತ್ತದೆ. ಜೊತೆಗೆ ಟೆಲಿಕಾಂ ನಿಯಂತ್ರಕ ಟ್ರಾಯ್ 2018ರಲ್ಲಿ ತಂದ ನಿಯಮದಂತೆ ಕಳಿಸುವವರ ಹೆಸರು ಮತ್ತು ಒಕ್ಕಣೆ ಎರಡನ್ನೂ ಡಿಎಲ್‌ಟಿ ಅನ್ನುವ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಒಕ್ಕಣೆಯಲ್ಲಿ ಒಂದು ಪದ ಬದಲಾದರೂ ಮತ್ತೆ ಒಪ್ಪಿಗೆ ಬೇಕು. ಸೈಟ್ ತೆರೆಯುವ ವಾರ ಈ ಕೆಲಸಕ್ಕೆ ಕೈ ಹಾಕಬೇಡಿ, ತಿಂಗಳ ಮೊದಲೇ ಶುರು ಮಾಡಿ.

ಹೋಸ್ಟಿಂಗ್

ಊರು ಬಿಟ್ಟು ಬೆಂಗಳೂರಿಗೆ ಹೋದವರಿಗೆ ಇದನ್ನು ವಿವರಿಸುವುದು ಸುಲಭ. ಒಂದೇ ಸರ್ವರ್‌ನಲ್ಲಿ ಹಲವರ ಸೈಟ್ ಇಡುವ ಶೇರ್ಡ್ ಹೋಸ್ಟಿಂಗ್ ಅಂದರೆ ಪಿಜಿ. ಬಾಡಿಗೆ ಕಡಿಮೆ, ಅಡುಗೆಮನೆಗೆ ಪ್ರವೇಶ ಇಲ್ಲ, ಪಕ್ಕದವರ ಗಲಾಟೆ ಸಹಿಸಬೇಕು. ನಿಮಗಷ್ಟೇ ಪ್ರತ್ಯೇಕವಾಗಿ ಸಿಗುವ ವರ್ಚುವಲ್ ಸರ್ವರ್, ವಿಪಿಎಸ್ ಅಂದರೆ ಬಾಡಿಗೆ ಮನೆ. ಬೀಗದ ಕೈ ನಿಮ್ಮದು, ಗುಡಿಸುವುದೂ ನಿಮ್ಮದು. ಕೋಡ್ ಕೊಟ್ಟರೆ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಅನ್ನುವ ಪ್ಲಾಟ್‌ಫಾರ್ಮ್‌ಗಳು ಲಾಡ್ಜ್ ಇದ್ದ ಹಾಗೆ. ಆರಾಮ, ಆದರೆ ಜಾಸ್ತಿ ದಿನ ಉಳಿದರೆ ದುಬಾರಿ.

ಲಿನಕ್ಸ್ ಕಮಾಂಡ್ ಒಂದಿಷ್ಟು ಗೊತ್ತಿದ್ದರೆ ವಿಪಿಎಸ್ ತಗೊಳ್ಳಿ. ಗೊತ್ತಿಲ್ಲದಿದ್ದರೆ, ಕಲಿಯಲು ಸಮಯವೂ ಇಲ್ಲದಿದ್ದರೆ ಪ್ಲಾಟ್‌ಫಾರ್ಮ್‌ಗೆ ದುಡ್ಡು ಕೊಡಿ. ಅದರಲ್ಲಿ ತಪ್ಪೇನೂ ಇಲ್ಲ, ರಾತ್ರಿ ಎದ್ದು ನೋಡುವವರಿಗೆ ಸಂಬಳ ಕೊಟ್ಟ ಹಾಗೆ. ಉಚಿತ ಅನ್ನುವುದನ್ನು ಕಲಿಯಲು ಬಳಸಿ, ವ್ಯಾಪಾರಕ್ಕೆ ಬೇಡ. ಹೆರೋಕು ಅನ್ನುವ ಅಂಥದ್ದೇ ಪ್ಲಾಟ್‌ಫಾರ್ಮ್ ತನ್ನ ಉಚಿತ ಯೋಜನೆಗಳನ್ನು ನಿಲ್ಲಿಸುತ್ತೇವೆ ಅಂತ 2022ರ ಆಗಸ್ಟ್‌ನಲ್ಲಿ ಹೇಳಿ, ನವೆಂಬರ್ 28ರಿಂದ ನಿಲ್ಲಿಸಿತು. ಮೂರು ತಿಂಗಳ ಗಡುವು ಇತ್ತು. ಹಬ್ಬದ ಸೀಸನ್ ನಡುವೆ ಮನೆ ಬದಲಿಸುವ ಕೆಲಸ ಯಾರಿಗೆ ಬೇಕು?

ನಾನು ತಗೊಂಡದ್ದು ಡಿಜಿಟಲ್‌ಓಷನ್ ಅನ್ನುವ ಕಂಪನಿಯ ಬೆಂಗಳೂರು ಡೇಟಾ ಸೆಂಟರ್‌ನಲ್ಲಿ ಒಂದು ಸಣ್ಣ ಸರ್ವರ್. 1 ಜಿಬಿ ಮೆಮೊರಿ, 25 ಜಿಬಿ ಜಾಗ, ತಿಂಗಳಿಗೆ 6 ಡಾಲರ್. ಒಂದು ವರ್ಷದ ಮೇಲೆ 2 ಜಿಬಿಯ 12 ಡಾಲರ್‌ದಕ್ಕೆ ಬಂದೆ. ಜಾಂಗೋ, ಪೋಸ್ಟ್‌ಗ್ರೆಸ್ ಎರಡೂ ಅದೇ ಸರ್ವರ್‌ನಲ್ಲಿ. ಹಬ್ಬದ ಹೊತ್ತಿನಲ್ಲೂ ಅದು ದಣಿದದ್ದನ್ನು ನಾನು ನೋಡಿಲ್ಲ.

ಸರ್ವರ್ ಎಲ್ಲಿರಬೇಕು ಅನ್ನುವುದು ಮುಖ್ಯ. ಬೆಂಗಳೂರಿನಿಂದ ಅಮೆರಿಕದ ಪೂರ್ವ ಕರಾವಳಿಗೆ ಒಂದು ಮಾತು ಹೋಗಿ ಬರಲು ಸುಮಾರು 200 ಮಿಲಿಸೆಕೆಂಡ್ ಬೇಕು. ಸಮುದ್ರದಡಿಯ ಕೇಬಲ್‌ನಲ್ಲಿ ಬೆಳಕು ಓಡುವ ವೇಗಕ್ಕೇ ಮಿತಿ ಇದೆ, ದುಡ್ಡು ಕೊಟ್ಟು ಆ ಸಮಯವನ್ನು ಬಹಳ ತಗ್ಗಿಸಲಾಗದು. ಒಂದು ಪುಟ ತೆರೆಯಲು ಹಾಗೆ ಹಲವು ಸಲ ಹೋಗಿ ಬರಬೇಕು. ಈಗ ಭಾರತದೊಳಗೇ ಬೇಕಾದಷ್ಟು ಜಾಗ ಇದೆ. ಅಮೆಜಾನ್‌ನ ಕ್ಲೌಡ್ 2016ರಲ್ಲಿ ಮುಂಬೈಗೆ, 2022ರಲ್ಲಿ ಹೈದರಾಬಾದಿಗೆ ಬಂತು. ಗೂಗಲ್‌ನದು 2017ರಲ್ಲಿ ಮುಂಬೈಗೆ ಬಂತು. ಸೈನ್‌ಅಪ್ ಮಾಡುವಾಗ ಜಾಗ ಆರಿಸುವ ಪಟ್ಟಿಯಲ್ಲಿ ಮೊದಲೇ ಅಮೆರಿಕ ಆಯ್ಕೆಯಾಗಿರಬಹುದು. ಸುಮ್ನೆ ಮುಂದೆ ಒತ್ತಬೇಡಿ.

ದೊಡ್ಡ ಕ್ಲೌಡ್ ಕಂಪನಿಗಳು ಸ್ಟಾರ್ಟ್‌ಅಪ್‌ಗಳಿಗೆ ಕ್ರೆಡಿಟ್, ಅಂದರೆ ಒಂದಿಷ್ಟು ಉಚಿತ ಬಳಕೆಯ ಮೊತ್ತ ಕೊಡುತ್ತವೆ. ಸಿಕ್ಕರೆ ತಗೊಳ್ಳಿ. ಆದರೆ ಅಲ್ಲಿ ಮಾತ್ರ ಸಿಗುವ ಡೇಟಾಬೇಸ್, ಅಲ್ಲಿ ಮಾತ್ರ ಓಡುವ ಕೋಡ್ ಬರೆಯಬೇಡಿ. ಕ್ರೆಡಿಟ್ ಮುಗಿದ ದಿನ ಸಾಮಾನು ಗಂಟು ಕಟ್ಟಿ ಹೊರಡಲು ಆಗಬೇಕು. ಬಿಲ್ ಎಚ್ಚರಿಕೆ ಮೊದಲ ದಿನವೇ ಹಾಕಿ, ಆದರೆ ಎಚ್ಚರಿಕೆ ಅಂದರೆ ಇಮೇಲ್ ಬರುತ್ತದೆ ಅಷ್ಟೇ, ಖರ್ಚು ತಾನಾಗಿ ನಿಲ್ಲುವುದಿಲ್ಲ ಅನ್ನುವುದು ನೆನಪಿರಲಿ. ಹೊರಗೆ ಹೋಗುವ ಡೇಟಾಗೆ ಬೇರೆ ದರ ಇರುತ್ತದೆ. ಫೋಟೊ ಜಾಸ್ತಿ ಇರುವ ಸೈಟ್‌ನವರು ಆ ಸಾಲನ್ನು ಎರಡು ಸಲ ಓದಿ.

ಬಿಲ್ ಕಟ್ಟುವುದೂ ಒಂದು ಕೆಲಸ. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಾದ ಮೇಲೆ, ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ದುಡ್ಡು ಹೋಗಬೇಕಾದರೆ ಮೊದಲು ಇ-ಮ್ಯಾಂಡೇಟ್ ಒಪ್ಪಿಗೆ ಕೊಟ್ಟಿರಬೇಕು. ವಿದೇಶಿ ಕಂಪನಿಗಳಲ್ಲಿ ಇದು ಎಲ್ಲ ಕಡೆ ಸರಿಯಾಗಿ ನಡೆಯುವುದಿಲ್ಲ. ಬಿಲ್ ಕಟ್ಟದೆ ಸರ್ವರ್ ನಿಂತರೆ ಗಿರಾಕಿಗೆ ಕಾಣುವುದು ಅಂಗಡಿ ಮುಚ್ಚಿದೆ ಅಂತಲೇ. ಮುಂಗಡ ಹಾಕಿಡುವ ಅವಕಾಶ ಇದ್ದರೆ ಮೂರು ತಿಂಗಳದ್ದು ಹಾಕಿಡಿ. ಪ್ರತಿ ತಿಂಗಳ 1ನೇ ತಾರೀಕು ಗೆಳೆಯ ಬ್ಯಾಲೆನ್ಸ್ ನೋಡುತ್ತಾನೆ. ಡಾಲರ್ ದರದ ಮೇಲೆ 18% ಜಿಎಸ್‌ಟಿ, ಕಾರ್ಡಿನವರ ವಿನಿಮಯ ಶುಲ್ಕ ಸೇರಿಸಿಯೇ ಬಜೆಟ್ ಬರೆಯಿರಿ.

ಸರ್ವರ್ ಸಿಕ್ಕ ದಿನ ಮಾಡುವುದು ನಾಲ್ಕೇ ಕೆಲಸ. ಉಬುಂಟು ಲಿನಕ್ಸ್‌ನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಆವೃತ್ತಿ ಹಾಕಿ, ಐದು ವರ್ಷ ಭದ್ರತಾ ಅಪ್‌ಡೇಟ್ ಬರುತ್ತದೆ. ಪಾಸ್‌ವರ್ಡ್ ಲಾಗಿನ್ ಮುಚ್ಚಿ, ನಿಮ್ಮ ಕಂಪ್ಯೂಟರಿನಲ್ಲಿರುವ ಕೀ ಫೈಲ್‌ನಿಂದ ಮಾತ್ರ ಒಳಗೆ ಬರುವ ಹಾಗೆ ಇಡಿ. ಡೇಟಾಬೇಸ್‌ನ ಪೋರ್ಟ್, ಅಂದರೆ ಅದಕ್ಕೆ ಸಂಪರ್ಕಿಸುವ ಬಾಗಿಲು, ಹೊರಗಿನವರಿಗೆ ಕಾಣಬಾರದು. ಸೈಟ್‌ಗೆ ಎಚ್‌ಟಿಟಿಪಿಎಸ್ ಬೀಗ ಹಾಕಲು ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಉಚಿತ ಸರ್ಟಿಫಿಕೇಟ್ ತಗೊಂಡು, ಅದು ತಾನೇ ನವೀಕರಣ ಆಗುವ ಹಾಗೆ ಮಾಡಿ.

ಡೊಮೇನ್ ಹೆಸರು ಕಂಪನಿಯ ಇಮೇಲ್‌ನಲ್ಲಿ, ನಿಮ್ಮ ಖಾತೆಯಲ್ಲೇ ಇರಲಿ. ಸೈಟ್ ಮಾಡಿಕೊಟ್ಟವರ ಹೆಸರಲ್ಲಿ ಬೇಡ. ಮೊದಲ ವರ್ಷದ ಬೆಲೆ ನೋಡಬೇಡಿ, ಎರಡನೇ ವರ್ಷದ್ದು ನೋಡಿ.

ಇಮೇಲ್‌ಗೆ ಸ್ವಂತ ಸರ್ವರ್ ನಡೆಸಬೇಡಿ. ಬೇರೆ ಸೇವೆ ತಗೊಂಡು, ಇಮೇಲ್ ನಿಜವಾಗಿ ನಿಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರನ್ನೂ ಹಾಕಿ. ಇಲ್ಲದಿದ್ದರೆ ಬಿಲ್ ಸ್ಪ್ಯಾಮ್‌ಗೆ ಹೋಗುತ್ತದೆ.

ದುಡ್ಡು ಬಂತು, ಆರ್ಡರ್ ಎಲ್ಲಿ?

ಚೌತಿಗೆ ಮೊದಲಿನ ಆ ರಾತ್ರಿಯ ತಪ್ಪಿನಲ್ಲಿ ಇಮೋಜಿಯದು ಅರ್ಧ ಪಾಲು ಮಾತ್ರ. ಉಳಿದರ್ಧ ನನ್ನ ಕ್ರಮದ್ದು. ನಾನು ದುಡ್ಡು ಬಂದಮೇಲೆ ಆರ್ಡರ್ ಬರೆದುಕೊಳ್ಳುತ್ತಿದ್ದೆ. ಈಗ ಮೊದಲು ಆರ್ಡರನ್ನು 'ಬಾಕಿ' ಅಂತ ಉಳಿಸುತ್ತೇನೆ, ಅದರ ನಂಬರ್ ಕೊಟ್ಟು ಗೇಟ್‌ವೇಗೆ ಕಳಿಸುತ್ತೇನೆ. ಉಳಿಸಲು ಆಗದಿದ್ದರೆ ದುಡ್ಡು ಕೇಳುವುದೇ ಇಲ್ಲ.

ದುಡ್ಡು ಬಂತು ಅಂತ ಗೊತ್ತಾಗುವುದು ಗಿರಾಕಿಯ ಬ್ರೌಸರ್‌ನಿಂದ ಅಂತ ನಂಬಬೇಡಿ. ಯುಪಿಐ ಆ್ಯಪ್‌ಗೆ ಹೋದವರು ಎಷ್ಟೋ ಸಲ ನಮ್ಮ ಪುಟಕ್ಕೆ ವಾಪಸ್ ಬರುವುದೇ ಇಲ್ಲ. ಗೇಟ್‌ವೇಯ ಸರ್ವರ್ ನೇರವಾಗಿ ನಮ್ಮ ಸರ್ವರ್‌ಗೆ ಹೇಳುವ ವ್ಯವಸ್ಥೆಗೆ ವೆಬ್‌ಹುಕ್ ಅನ್ನುತ್ತಾರೆ. ಅದನ್ನು ಹಾಕಿ, ಸುದ್ದಿ ಗೇಟ್‌ವೇಯದ್ದೇ ಅಂತ ತೋರಿಸುವ ಅದರ ಸಹಿಯನ್ನು ಪರೀಕ್ಷಿಸಿ. ಒಂದೇ ಸುದ್ದಿ ಎರಡು ಸಲ ಬರುವುದುಂಟು. ಎರಡನೇ ಸಲ ಬಂದರೆ ಎರಡನೇ ಡಬ್ಬಿ ಹೊರಡಬಾರದು. ಗೇಟ್‌ವೇ ಆರಿಸುವಾಗ ಶುಲ್ಕ ಒಂದನ್ನೇ ನೋಡದೆ ಅವರ ಪರೀಕ್ಷಾ ವ್ಯವಸ್ಥೆಯಲ್ಲಿ ಈ ಎರಡೂ ಮಾಡಿ ನೋಡಿ. ಅರ್ಜಿ ಹಾಕುವ ಮೊದಲು ಸೈಟ್‌ನಲ್ಲಿ ಷರತ್ತು, ಖಾಸಗಿತನ, ಹಣ ವಾಪಸಾತಿ, ಸಂಪರ್ಕ ಈ ನಾಲ್ಕು ಪುಟ ಇರಲಿ. ಇಲ್ಲದಿದ್ದರೆ ಅರ್ಜಿ ವಾಪಸ್ ಬರುತ್ತದೆ.

ಬ್ಯಾಕಪ್ ಅಂದರೆ ವಾಪಸ್ ತಂದು ನೋಡಿದ್ದು

2017ರ ಜನವರಿ 31ರಂದು ಜನರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ರಾತ್ರಿ ಹೊತ್ತು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿಬಿಟ್ಟರು. ಬ್ಯಾಕಪ್‌ಗೆ ಹಲವು ದಾರಿ ಮಾಡಿಟ್ಟಿದ್ದರು. ಬೇಕಾದಾಗ ನೋಡಿದರೆ ಒಂದೂ ನೆಟ್ಟಗೆ ನಡೆಯುತ್ತಿರಲಿಲ್ಲ. ಅದೃಷ್ಟಕ್ಕೆ ಆರು ತಾಸಿನ ಹಿಂದೆ ಕೈಯಾರೆ ತೆಗೆದ ಒಂದು ಪ್ರತಿ ಇತ್ತು. ನಡೆದದ್ದನ್ನೆಲ್ಲ ಅವರು ಮುಚ್ಚಿಡದೆ ಜಗತ್ತಿಗೆ ಹೇಳಿದರು. ಅದಕ್ಕೆ ನಾನು ಅವರಿಗೆ ಋಣಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಕಟ್ಟಡ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ ಅಲ್ಲೇ ಪಕ್ಕದಲ್ಲಿ ಇಟ್ಟವರು ಎರಡನ್ನೂ ಕಳೆದುಕೊಂಡರು.

ಹಾಗಾಗಿ ನಮ್ಮ ಕ್ರಮ ಹೀಗಿದೆ. ಪ್ರತಿ ರಾತ್ರಿ ಎರಡು ಗಂಟೆಗೆ, ಪೋಸ್ಟ್‌ಗ್ರೆಸ್‌ನ ಪ್ರತಿ ತೆಗೆಯುವ ಪಿಜಿ ಡಂಪ್ ಓಡುತ್ತದೆ. ಫೈಲ್ ಬೀಗ ಹಾಕಿಕೊಂಡು ಬೇರೆ ಕಂಪನಿಯ, ಬೇರೆ ಊರಿನ ಸ್ಟೋರೇಜ್‌ಗೆ ಹೋಗುತ್ತದೆ. 30 ದಿನದ್ದು ಇಡುತ್ತೇವೆ. ತಿಂಗಳ ಮೊದಲ ಭಾನುವಾರ ನಾನು ಆ ಫೈಲ್ ಇಳಿಸಿ, ಲ್ಯಾಪ್‌ಟಾಪ್‌ನಲ್ಲಿ ಖಾಲಿ ಡೇಟಾಬೇಸ್‌ಗೆ ತುಂಬಿ, ಸೈಟ್ ಓಡಿಸುತ್ತೇನೆ. ಗೆಳೆಯ ಪಕ್ಕದಲ್ಲಿ ಕೂತು ಹಿಂದಿನ ದಿನದ ಕೊನೆಯ ಆರ್ಡರ್ ಹುಡುಕುತ್ತಾನೆ. ಹೆಸರು, ವಿಳಾಸ, ಮೊತ್ತ ತನ್ನ ಪುಸ್ತಕಕ್ಕೆ ತಾಳೆ ಆದರೆ ತಾರೀಕು ಬರೆದು ಸಹಿ ಹಾಕುತ್ತಾನೆ. ಕಳೆದ ಸಲ 14 ನಿಮಿಷ ಹಿಡಿಯಿತು. ಒಂದು ಸಲ ಡಂಪ್ ಫೈಲ್ ಸೊನ್ನೆ ಬೈಟ್ ಇತ್ತು. ಸರ್ವರ್‌ನಲ್ಲಿ ಜಾಗ ತುಂಬಿ ಒಂಬತ್ತು ದಿನ ಆಗಿತ್ತು. ಆ ಭಾನುವಾರ ಕೂರದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಸೈಟ್ ಬದುಕಿದೆಯಾ ಅಂತ ಐದೈದು ನಿಮಿಷಕ್ಕೆ ಹೊರಗಿನಿಂದ ನೋಡಿ ಫೋನ್‌ಗೆ ತಿಳಿಸುವ ಉಚಿತ ಸೇವೆಗಳಿವೆ. ಒಂದನ್ನು ಹಾಕಿಕೊಳ್ಳಿ. ಗಿರಾಕಿ ಹೇಳುವ ಮೊದಲು ನಿಮಗೆ ತಿಳಿಯಬೇಕು.

ಕೊನೆಯದು ಒಂದು ಕಾಗದ. ಪ್ಯಾಕಿಂಗ್ ಕೋಣೆಯ ಗೋಡೆಗೆ, ತೂಕದ ಯಂತ್ರದ ಮೇಲೆ ಅಂಟಿಸಿದ್ದೇವೆ. ಕನ್ನಡದಲ್ಲಿ ಏಳು ಸಾಲು. ಸೈಟ್ ತೆರೆಯದಿದ್ದರೆ ಮೊದಲು ಏನು ನೋಡಬೇಕು, ಸರ್ವರ್ ಕಂಪನಿಯ ಪುಟದಲ್ಲಿ ಯಾವ ಬಟನ್ ಒತ್ತಿ ಮರುಚಾಲನೆ ಮಾಡಬೇಕು, ಡೊಮೇನ್ ಎಲ್ಲಿದೆ, ಯಾರಿಗೆ ಫೋನ್ ಮಾಡಬೇಕು. ಪಾಸ್‌ವರ್ಡ್ ಕಾಗದದ ಮೇಲಿಲ್ಲ, ಪಾಸ್‌ವರ್ಡ್ ಇಡುವ ಬಿಟ್‌ವಾರ್ಡನ್ ಆ್ಯಪ್‌ನಲ್ಲಿ ಮೂವರಿಗೂ ಸಿಗುವ ಹಾಗೆ ಇದೆ. ಕಳೆದ ದೀಪಾವಳಿಗೆ ನಾನು ರೈಲಿನಲ್ಲಿದ್ದೆ, ಸಿಗ್ನಲ್ ಇರಲಿಲ್ಲ. ಲೋಂಡಾ ದಾಟಿದ ಮೇಲೆ ಎರಡು ಮೆಸೇಜ್ ಒಟ್ಟಿಗೆ ಬಂದವು. ಮೊದಲನೆಯದು ಸೈಟ್ ನಿಂತಿದೆ ಅಂತ. ಎರಡನೆಯದು ಅತ್ತಿಗೆಯದು: "ಮೂರನೇ ಸಾಲಿನದ್ದು ಮಾಡಿದೆ. ಈಗ ಬರ್ತಾ ಇದೆ. ಊಟ ಮಾಡಿದ್ಯಾ?"